ನೋಟೀಸು ಓದುವ ಬಾಯಮ್ಮ

ಬೋಳಾರದ ಹೆಂಗಸರು ಬೆಳಿಗ್ಗೆ ಮೀನಿಗೆಂದು ಬಂದರಿನ ಕಡೆ ಹೊರಟರೆ ಸಿಸಿಲಿಯಾ ಬಾಯಮ್ಮ ತಾಲೂಕು ಕಚೇರಿಯ ನೋಟೀಸು ಹಲಗೆ ಓದಲು ಹೊರಡುತ್ತಿದ್ದರು. ಬಿಳಿ ಸೀರೆ, ಕಪ್ಪು ಕೊಡೆ, ಕಂಕುಳಲ್ಲಿ ನೋಟ್‌ಬುಕ್ಕು. ಬಹಳ ವರ್ಷ ನರ್ಸ್ ಆಗಿದ್ದವರು. ರೋಗಿಯ ಜ್ವರ ಬರೆದಿಡುವಂತೆ, ಯಾವ ನೋಟೀಸು ಯಾವತ್ತು ಹಚ್ಚಿದರು, ಯಾವತ್ತು ಕಿತ್ತರು ಎಂದು ಬರೆದಿಡುತ್ತಿದ್ದರು. "ಸರಕಾರಕ್ಕೂ ಒಂದು ಚಾರ್ಟ್ ಬೇಕು ಟೀಚರ್. ಇಲ್ಲದಿದ್ರೆ ಕಾಯಿಲೆ ಎಂತದ್ದೂಂತ ಗೊತ್ತಾಗುವುದಿಲ್ಲ," ಎನ್ನುತ್ತಿದ್ದರು. ಮದುವೆಯಾಗದ ಹೆಂಗಸು, ಹೊತ್ತು ಹೋಗುವುದಿಲ್ಲ ಪಾಪ ಎಂದು ಓಣಿಯವರೆಲ್ಲ ನಗುತ್ತಿದ್ದೆವು. ಪಕ್ಕದ ಮನೆಯ ಶಾಲಾ ಟೀಚರ್ ನಾನಂತೂ ಎಲ್ಲರಿಗಿಂತ ಹೆಚ್ಚು ನಕ್ಕಿದ್ದೇನೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಓಣಿಯಿಂದ ಹೊಳೆಗೆ ಇಳಿಯುವ ದಾರಿಯನ್ನೂ ಅದರಂಚಿನ ಮೀನುಗಾರರ ಮನೆಗಳನ್ನೂ ಸರಕಾರಿ ಗೋದಾಮಿಗೆ ತೆಗೆದುಕೊಳ್ಳುತ್ತಾರೆಂಬ ನೋಟೀಸನ್ನು ಮೊದಲು ಕಂಡವರು ಅವರೇ. ತಕರಾರಿಗೆ ಮೂವತ್ತು ದಿನ ಎಂದಿತ್ತು. ಹನ್ನೊಂದನೆಯ ದಿನ ಹಲಗೆಯಲ್ಲಿ ಆ ಕಾಗದವೇ ಇರಲಿಲ್ಲ. ಬಾಯಮ್ಮ ಅರ್ಜಿ ಬರೆದು ಮನೆಮನೆಗೆ ಹೋದರು. ಓದಲು ಬಾರದವರಿಗೆ ತುಳುವಿನಲ್ಲಿ ವಿವರಿಸಿದ ಮೇಲೆಯೇ ಹೆಬ್ಬೆಟ್ಟು ಒತ್ತಿಸಿಕೊಂಡರು. ನಲವತ್ತು ಹೆಸರು ಸೇರಿದವು, ನನ್ನದೂ.

ವಾರದೊಳಗೆ ಕಚೇರಿಯವರು ಓಣಿಗೆ ಬಂದು, ಸಹಿ ಹಾಕಿದವರಿಗೆ ದೋಣಿಯ ಲೈಸೆನ್ಸ್ ಸಿಗಲಿಕ್ಕಿಲ್ಲ ಎಂದರು. ನನ್ನನ್ನು ಹೆಡ್‌ಮಾಸ್ತರರು ಕರೆಸಿ, ಸರಕಾರಿ ಕೆಲಸ ಬೇಕೋ ಹೊಳೆದಾರಿ ಬೇಕೋ ಎಂದು ಕೇಳಿದರು. ಒಬ್ಬೊಬ್ಬರಾಗಿ ಎಲ್ಲರೂ ಹೆಸರು ತೆಗೆಸಲು ಬಾಯಮ್ಮನ ಮನೆಗೆ ಹೋದೆವು. ಅವರು ಬೈಯಲಿಲ್ಲ. ಅರ್ಜಿಯನ್ನೂ ಪೆನ್ನನ್ನೂ ನನ್ನ ಮುಂದಿಟ್ಟರು.

"ನೀವೇ ಗೀಟು ಹಾಕಿ ಟೀಚರ್. ನಿಮ್ಮ ಹೆಸರನ್ನು ನಾನು ಹೊಡೆದು ಹಾಕುವುದು ಸರಿಯಲ್ಲ."

ಗೀಟು ನೆಟ್ಟಗೇ ಬಿತ್ತು.

ಅರ್ಜಿಯ ವಿಚಾರಣೆಗೆ ಕಚೇರಿಗೆ ಅವರೊಬ್ಬರೇ ಹೋದರು. ನೋಟೀಸು ಮೂವತ್ತು ದಿನವೂ ಹಲಗೆಯಲ್ಲಿತ್ತು ಎಂದು ಸಾಹೇಬರು ಹೇಳಿದಾಗ, ನೋಟ್‌ಬುಕ್ಕು ತೆರೆದು ಒಂದೊಂದು ದಿನದ್ದನ್ನೂ ಓದಿದರಂತೆ. ಪ್ರತಿದಿನ ಹಲಗೆಯಲ್ಲಿ ಬೇರೆ ಏನೇನಿತ್ತು ಎಂಬುದೂ ಅದರಲ್ಲಿತ್ತು. ಆದೇಶ ರದ್ದಾಯಿತು, ಗೋದಾಮು ಬೇರೆ ಕಡೆ ಹೋಯಿತು. ದಾರಿ ಉಳಿಯಿತು, ಮನೆಗಳೂ ಉಳಿದವು.

ಅವರ ಮನೆ ಮೆಟ್ಟಿಲು ಹತ್ತುವ ಮುಖ ಮಾತ್ರ ನಮಗ್ಯಾರಿಗೂ ಉಳಿಯಲಿಲ್ಲ. ಕ್ರಿಸ್‌ಮಸ್ಸಿಗೆ ಅವರ ಕುಸ್ವಾರಿನ ತಿಂಡಿಗಳ ತಟ್ಟೆ ಎಂದಿನಂತೆ ಬರುತ್ತಿತ್ತು. ಖಾಲಿ ತಟ್ಟೆಯನ್ನು ನಾನು ಕೆಲಸದವಳ ಕೈಯಲ್ಲಿ ಕಳಿಸುತ್ತಿದ್ದೆ. ಕಪ್ಪು ಕೊಡೆ ದೂರದಲ್ಲಿ ಕಂಡರೆ ಅಡ್ಡ ಓಣಿ ಹಿಡಿಯುತ್ತಿದ್ದೆ. ಕೆಲವು ವರ್ಷ ಹೀಗೇ ಹೋಯಿತು. ಆ ಮನೆಯಲ್ಲಿ ರೇಡಿಯೋದ್ದು ಬಿಟ್ಟು ಬೇರೆ ದನಿ ಕೇಳಿದ ನೆನಪು ನನಗಿಲ್ಲ.

ಕಣ್ಣು ಮಂಜಾಗಿ, ಬೊಂಬಾಯಿಯ ತಂಗಿಯ ಮಗಳ ಮನೆಗೆ ಹೊರಡುವ ಮುಂಚಿನ ದಿನ ಬಾಯಮ್ಮ ಹೊಳೆದಾರಿಯಲ್ಲಿ ಎದುರಾದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಹೆಸರು ಹೊಡೆದದ್ದು ತಪ್ಪಾಯಿತು ಎಂದೆ.

"ಹೆಸರು ಹೋಗಲಿ, ನಿಮಗೆ ಕೆಲಸ ಉಂಟಲ್ಲ. ವಿಚಾರಣೆಯ ದಿನ ಅಲ್ಲಿ ಎರಡು ಬೆಂಚು ಖಾಲಿ ಇತ್ತು ಟೀಚರ್. ಸುಮ್ಮನೆ ಬಂದು ಕೂತಿದ್ರೆ ಸಾಕಿತ್ತು. ನನಗೆ ತುಂಬ ಹೆದರಿಕೆ ಆಗಿತ್ತು."

ಆ ದಿನ ಶಾಲೆಯಿತ್ತಲ್ಲ ಎಂದೆ. ಅವರು ಹೌದೌದು ಎಂದು ತಲೆಯಾಡಿಸಿ, ಕೋಲೂರಿಕೊಂಡು ಹೋದರು. ಬೊಂಬಾಯಿಯಲ್ಲೇ ತೀರಿಕೊಂಡರೆಂದು ಆಮೇಲೆ ತಿಳಿಯಿತು.

ವಿಚಾರಣೆಯ ದಿನ ಶಾಲೆಗೆ ರಜೆ ಇತ್ತು. ಅವರು ಒಬ್ಬರೇ ಹೊರಟುಹೋಗುವುದನ್ನು ನಾನು ಕಿಟಕಿಯ ಹಿಂದೆ ನಿಂತು ನೋಡಿದ್ದೆ.