ಅತ್ತೆ ಹೊಡೆದುಹಾಕಿದ ಅಂಕಗಳು

ನನ್ನ ಸೋದರತ್ತೆ ಮೂವತ್ತೊಂದು ವರ್ಷ ಒಂದೇ ಆಸ್ಪತ್ರೆಯ ಒಂದೇ ಕೋಣೆಯಲ್ಲಿ ಕುಳಿತು ರೋಗಿಗಳನ್ನು ನೋಡಿದರು. ಹಸಿರು ಬಣ್ಣ ಎದ್ದುಹೋದ ಬಾಗಿಲು, ಸ್ಪಿರಿಟ್ಟಿನ ವಾಸನೆ, ಹತ್ತು ಗಂಟೆಯವರೆಗೆ ಮಾತ್ರ ಬಿಸಿಲು. ಕಾಲೇಜು ಮುಗಿಸಿದ ಮೇಲೆ ಎರಡು ವರ್ಷ ಅಲ್ಲಿ ರೋಗಿಗಳ ಚೀಟಿ ಬರೆದವಳು ನಾನು. ಆಗಿನ ಡೈರಿಗಳನ್ನು ತೆರೆದರೆ ಈಗಲೂ ಆ ವಾಸನೆ ಬಂದಂತಾಗುತ್ತದೆ.

ಮೊದಲು ಅಲ್ಲಿನ ವೈದ್ಯರಿಗೆ ತಲೆಯೆಣಿಕೆಯ ಮೇಲೆ ಸಂಬಳ. ಸಕ್ಕರೆ ಕಾಯಿಲೆಗೆ ಪಾದ ಮರಗಟ್ಟಿದರೆ ಗಾಯವಾದದ್ದೂ ತಿಳಿಯುವುದಿಲ್ಲವೆಂದು ಅತ್ತೆ ಪ್ರತಿಯೊಬ್ಬರ ಪಾದವನ್ನೂ ಮುಟ್ಟಿ ನೋಡುವವರು. ಪಕ್ಕದ ಕೋಣೆಯಲ್ಲಿ ನಲವತ್ತು ಮಂದಿ ಮುಗಿಯುವಷ್ಟರಲ್ಲಿ ಇವರದು ಹದಿನೈದು. ಆಮೇಲೆ ಆಡಳಿತ ಮಂಡಳಿ ನಿಯಮ ಬದಲಿಸಿತು. ಎಷ್ಟು ಮಂದಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೋ ಅಷ್ಟು ಅಂಕ, ಅಂಕಕ್ಕೆ ತಕ್ಕ ಸಂಬಳ.

“ಕೊನೆಗೂ ನನ್ನ ನಿಧಾನಕ್ಕೆ ಬೆಲೆ ಬಂತು ನೋಡೇ,” ಎಂದು ಅತ್ತೆ ನಕ್ಕರು.

ಒಂದು ದಿನ ಚೀಟಿ ಬರೆಯುತ್ತ, ಸಕ್ಕರೆ ಕಾಯಿಲೆಗೆ ಅತ್ತೆಯ ಬಳಿ ತಪ್ಪದೆ ಬರುತ್ತಿದ್ದ ಟೈಲರಜ್ಜನಿಗೆ ತಮಾಷೆಗೆ ಹೇಳಿದೆ: “ನೀವು ಹೀಗೆ ಸಿಹಿ ತಿಂತಿದ್ರೆ ಅತ್ತೆ ಸಂಬಳಕ್ಕೆ ಕತ್ತರಿ, ಅಜ್ಜ.”

“ಕತ್ತರಿ ಇರೋದು ನನ್ನ ಕೈಯಲ್ಲಲ್ವೇನಮ್ಮ, ಬಿಡು,” ಎಂದರು.

ಮುಂದಿನ ಮೂರು ತಪಾಸಣೆಗಳಲ್ಲಿ ಅಜ್ಜನ ಸಕ್ಕರೆಯ ಅಂಕಿ ಅಚ್ಚುಕಟ್ಟಾಗಿ ಬಂತು. ಅವರ ಜೊತೆ ಹೊರಗಿನ ಬೆಂಚಿನಲ್ಲಿ ಸರದಿ ಕಾಯುತ್ತ ಕೂರುವವರದೂ ಅಷ್ಟೇ. ಚೀಟಿ ಚೆನ್ನಾಗಿದ್ದುದರಿಂದ ಅತ್ತೆಯೂ ಚಪ್ಪಲಿ ಬಿಚ್ಚಿಸಿ ಪಾದ ನೋಡುವುದನ್ನು ಕಡಿಮೆ ಮಾಡಿದರು.

ನಾಲ್ಕನೆಯ ಸಲ ಅಜ್ಜ ಕುಂಟುತ್ತ ಬಂದರು. ಕಾಲ್ಬೆರಳೊಂದು ಕಪ್ಪಾಗಿತ್ತು, ಮುರಿದ ಸೂಜಿ ಹೊಕ್ಕಿದ್ದು ಅವರಿಗೆ ತಿಳಿದೇ ಇರಲಿಲ್ಲ.

“ಸಕ್ಕರೆ ಇಷ್ಟು ಸರಿಯಿದ್ರೆ ಹೀಗಾಗ್ಬಾರ್ದು. ನಿಜ ಹೇಳಿ,” ಎಂದರು ಅತ್ತೆ.

“ಪರೀಕ್ಷೆಗೆ ಮುಂಚೆ ಎರಡು ದಿನ ಹೊಟ್ಟೆ ಕಟ್ತೀವಿ, ಡಾಕ್ಟ್ರಮ್ಮ. ಬೆಂಚಿನವರೆಲ್ಲ ಮಾತಾಡ್ಕೊಂಡಿದ್ದೀವಿ. ನಮ್ಮಿಂದ ನಿಮ್ಮ ಹೊಟ್ಟೆ ಮೇಲೆ ಹೊಡೆತ ಬೀಳಬಾರ್ದಲ್ಲ.”

“ಕಾಲೇ ಹೋದ್ರೆ ಮೆಷಿನ್ ಯಾರು ತುಳೀತಾರೆ?”

ಸಂಬಳಕ್ಕೆ ಕತ್ತರಿಯೆಂಬ ಮಾತು ಹಬ್ಬಿಸಿದವಳು ನಾನೆಂದು ಅತ್ತೆಗೆ ಅಂದೇ ಹೇಳಿದೆ. “ನಾನೂ ಅಂಕಿ ನೋಡ್ದೆ, ಪಾದ ನೋಡ್ಲಿಲ್ಲ,” ಎಂದಷ್ಟೇ ಅಂದರು.

ಅಜ್ಜನನ್ನು ದೊಡ್ಡಾಸ್ಪತ್ರೆಗೆ ಕಳಿಸಿದರು. ಬೆಂಚಿನ ಹನ್ನೊಂದು ಮಂದಿಯನ್ನೂ ಮೊದಲೇ ತಿಳಿಸದೆ ಕರೆಸಿ ಪರೀಕ್ಷಿಸಿದರು; ಹಳೆಯ ಅಂಕಿಗಳು ಸುಳ್ಳೆಂದು ಕಂಡು ಆ ವರ್ಷದ ತಮ್ಮ ಅಂಕಗಳನ್ನು ತಾವೇ ಹೊಡೆದುಹಾಕಿದರು. ಮಂಡಳಿಗೆ ಅವರು ಬರೆದ ಪತ್ರವನ್ನು ಟೈಪ್ ಮಾಡಿದವಳು ನಾನು: ರೋಗಿಯ ರಕ್ತ ವೈದ್ಯರ ಅಂಕೆಯಲ್ಲಿಲ್ಲ, ಪಾದ ಮುಟ್ಟಿ ನೋಡಿದ್ದಕ್ಕೆ, ಕೇಳಿ ತಿಳಿದದ್ದಕ್ಕೆ ಸಂಬಳ ಕೊಡಿ. ಆ ವರ್ಷ ಎಲ್ಲರಿಗಿಂತ ಕಡಿಮೆ ಸಂಬಳ ಅತ್ತೆಯದೇ. ನಿಯಮ ಬದಲಾಗುವ ಹೊತ್ತಿಗೆ ನಾನು ಆ ಕೆಲಸ ಬಿಟ್ಟಾಗಿತ್ತು.

ಅದಕ್ಕೂ ಮೊದಲೇ, ದೊಡ್ಡಾಸ್ಪತ್ರೆಗೆ ಹೋದ ಒಂದೂವರೆ ತಿಂಗಳಿಗೆ, ಅಜ್ಜ ಮರಳಿ ಬಂದರು. ಬೆರಳು ಹೋಗಿತ್ತು, ಪಾದ ಉಳಿದಿತ್ತು.

“ಹತ್ತಕ್ಕೆ ಒಂಬತ್ತು, ಡಾಕ್ಟ್ರಮ್ಮ. ಪಾಸು ಅಂತ ಬರ್ಕೊಳ್ಳಿ.”

“ಬಾಯಿ ಸಾಕು, ಕಾಲು ಕೊಡಿ.”

ಅತ್ತೆ ಸ್ಟೂಲು ಎಳೆದುಕೊಂಡು, ಆ ಪಾದವನ್ನು ಮಡಿಲಲ್ಲಿಟ್ಟುಕೊಂಡು, ಅಜ್ಜನಿಗೆ ಕಣ್ಣು ಮುಚ್ಚಲು ಹೇಳಿದರು. ಉಳಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತ, “ಇದು ತಿಳೀತಾ? ಇದು?” ಎಂದು ಕೇಳತೊಡಗಿದರು.