ಮುಟ್ಟದೆ ಫೋಟೋ ತೆಗೆದ ಮುರಿಗೆಪ್ಪನವರು

ಮುರಿಗೆಪ್ಪನವರು ಯಾರಿಗೂ ಕೈ ಮುಗಿಯುತ್ತಿರಲಿಲ್ಲ. ಎದುರಿಗೆ ಮಠದ ಸ್ವಾಮಿಗಳು ಬಂದರೂ ಅಷ್ಟೆ, ಬೀಗರು ಬಂದರೂ ಅಷ್ಟೆ. ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ತಲೆಯನ್ನಷ್ಟೇ ಬಾಗಿಸುತ್ತಿದ್ದರು. ಸಂಜೆ ಅಕ್ಕಪಕ್ಕದ ಅಂಗಡಿಯವರು ಪೇಪರ್ ಹಾಸಿ ಮಂಡಕ್ಕಿ, ಮಿರ್ಚಿ ಹರವಿಕೊಂಡು ಕರೆದರೆ, "ಹಲ್ಲು ನೋವು ಐತ್ರಿ, ನೀವು ತಿನ್ರಿ" ಎಂದು ತಮ್ಮ ಸ್ಟುಡಿಯೋದ ಒಳಗೆ ಹೋಗಿಬಿಡುತ್ತಿದ್ದರು. ದಾವಣಗೆರೆಯಲ್ಲಿ ಮಂಡಕ್ಕಿ ಬೇಡ ಅನ್ನುವವರನ್ನು ಯಾರು ನಂಬುತ್ತಾರೆ? ಪಿ.ಜೆ. ಬಡಾವಣೆಯ ಆ ಸಾಲಿನಲ್ಲೆಲ್ಲ ಅವರಿಗೆ ಸೊಕ್ಕಿನ ಮನುಷ್ಯ ಎಂಬ ಹೆಸರು ಬಂದಿತ್ತು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಇನ್ನೊಬ್ಬರ ಬಗ್ಗೆ ಅವಸರದ ತೀರ್ಮಾನಕ್ಕೆ ಬರುವುದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ.

ಆಗ ನಾನು ವಿದ್ಯಾನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ತೊಂಬತ್ತರ ದಶಕದ ಕೊನೆ. ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲ. ಒಂದು ಮಧ್ಯಾಹ್ನ ಮುರಿಗೆಪ್ಪನವರು ಕಂಕುಳಲ್ಲಿ ಡಬ್ಬಿಯೊಂದನ್ನು ಅವುಚಿಕೊಂಡು ಬಂದರು. ಒಳಗೆ ಅವರ ಭಾವಮೈದುನ ಮುಂಬೈಯಿಂದ ತಂದುಕೊಟ್ಟ ಡಿಜಿಟಲ್ ಕ್ಯಾಮೆರಾ ಇತ್ತು. ರೋಲು ಬೇಡದ ಕ್ಯಾಮೆರಾವನ್ನು ನಾನು ನೋಡಿದ್ದು ಅದೇ ಮೊದಲು.

"ಮೇಡಂ, ಇದನ್ನ ಮುಟ್ಟದಂಗೆ ಫೋಟೋ ತೆಗೀಬಹುದಂತೆ. ಕಂಪ್ಯೂಟರಿಗೆ ವೈರ್ ಹಾಕಿದ್ರೆ ಅಲ್ಲಿಂದ್ಲೇ ಹೊಡೀಬಹುದಂತೆ. ಖರೇನಾ?"

"ಯಾಕೆ ಮುಟ್ಟಬಾರದು? ಕ್ಯಾಮೆರಾ ಮಡಿಯಲ್ಲಿದೆಯೇ?" ಎಂದು ನಾನು ನಕ್ಕೆ.

ಅವರು ನಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಬಲಗೈಯನ್ನು ಜೇಬಿನಿಂದ ತೆಗೆದು ನನ್ನ ಮೇಜಿನ ಮೇಲಿಟ್ಟರು. ಮೇಜಿನ ಮೇಲಿದ್ದ ಲೋಟದೊಳಗಿನ ಪೆನ್ನುಗಳೆಲ್ಲ ಕಟಕಟ ಅನ್ನತೊಡಗಿದವು. ಆ ನನ್ನ ನಗುವನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಡಾಕ್ಟ್ರು ಇದು ಏರೋದೇ ಹೊರ್ತು ಇಳಿಯಲ್ಲ ಅಂದಾರ್ರಿ. ಸ್ಟ್ಯಾಂಡ್ ಇಟ್ಕೊಂಡು ಇಷ್ಟು ದಿನ ನಡೆಸ್ದೆ. ಈಗ ರೋಲ್ ಹಾಕಕ್ಕೆ ಆಗ್ವಲ್ದು, ಫೋಕಸ್ ತಿರುಗ್ಸಕ್ಕೆ ಆಗ್ವಲ್ದು. ನಮ್ಮ ಮನೆಯಾಕಿ ಬಿಟ್ರೆ ಯಾರಿಗೂ ಗೊತ್ತಿಲ್ಲ. ಕೈ ನಡುಗೋ ಡಾಕ್ಟ್ರ ಹತ್ರ ಯಾರಾದ್ರೂ ಸೂಜಿ ಚುಚ್ಚಿಸ್ಕೊಂತಾರೇನ್ರಿ? ನನ್ನ ಹತ್ರನೂ ಹಂಗೇ, ಯಾರೂ ಬರಲ್ಲ. ಈ ಕೆಲ್ಸ ಬಿಟ್ರೆ ನಂಗೆ ಬ್ಯಾರೆ ಏನೂ ಬರಲ್ಲ ಮೇಡಂ."

ಮುಂದಿನ ಭಾನುವಾರ ನಾನು ಅವರ ಸ್ಟುಡಿಯೋದಲ್ಲಿದ್ದೆ. ಒಂದು ಹಳೆಯ ಕಂಪ್ಯೂಟರ್ ತಂದು, ಅದರ ಬೆನ್ನಿಗೆ ಕ್ಯಾಮೆರಾದ ವೈರು ಸಿಕ್ಕಿಸಿ, ತಂತ್ರಾಂಶ ಹಾಕಿದೆವು. ಪರದೆಯ ಮೇಲೊಂದು ಕ್ಯಾಮೆರಾದ ಚಿತ್ರ. ಎಂಟರ್ ಒತ್ತಿದರೆ ಸ್ಟ್ಯಾಂಡಿನ ಮೇಲಿನ ಕ್ಯಾಮೆರಾ ಯಾರೂ ಮುಟ್ಟದೆ ಕ್ಲಿಕ್ ಅನ್ನುತ್ತಿತ್ತು. ಆಮೇಲೆ ಫೋಟೋ ಪರದೆಯ ಮೇಲೆ ನೆತ್ತಿಯಿಂದ ಗಲ್ಲದವರೆಗೆ ಗೆರೆಗೆರೆಯಾಗಿ ಇಳಿದುಬರುತ್ತಿತ್ತು. ಬೆರಳು ನಡುಗಿ ಪಕ್ಕದ ಕೀಲಿಗಳನ್ನೂ ಒತ್ತಿಬಿಡುತ್ತಿದ್ದರಿಂದ, ಎಂಟರ್ ಒಂದನ್ನು ಬಿಟ್ಟು ಅದರ ಸುತ್ತಲಿನ ಕೀಲಿಗಳನ್ನೆಲ್ಲ ನಾನು ಕಿತ್ತುಹಾಕಿದೆ. "ಹಲ್ಲು ಉದುರಿದ ಮುದುಕಿ ಹಂಗೆ ಕಾಣ್ತೈತೆ" ಎಂದರು ಮುರಿಗೆಪ್ಪನವರು. ಅಂದು ಅವರು ನಕ್ಕಿದ್ದು ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸಂತೋಷ ಹದಿನೈದು ದಿನ ಬಾಳಲಿಲ್ಲ. ಎಂಟರ್ ಒತ್ತಿದ ಮೇಲೆ ಕ್ಯಾಮೆರಾ ಎಚ್ಚೆತ್ತು ಕ್ಲಿಕ್ ಅನ್ನಲು ನಾಲ್ಕು ಸೆಕೆಂಡು ಹಿಡಿಯುತ್ತಿತ್ತು. ಅಷ್ಟರಲ್ಲಿ ಗಿರಾಕಿಯ ನಗು ಬಂದು, ಒಣಗಿ, ಹೋಗಿಯೂ ಬಿಡುತ್ತಿತ್ತು. ಕೆಲವರು ಕಣ್ಣು ಮುಚ್ಚುತ್ತಿದ್ದರು. ಒಬ್ಬ ಉಪನ್ಯಾಸಕರಂತೂ ಮುಗಿಯಿತೆಂದು ಎದ್ದೇಬಿಟ್ಟರು. ಫೋಟೋದಲ್ಲಿ ಅವರ ಬೆಲ್ಟು ಮಾತ್ರ ಸೊಗಸಾಗಿ ಬಂದಿತ್ತು. ಇದು ನಮ್ಮ ಕೈಲಾಗದ ಕೆಲಸ ಎಂದು ನಾನು ಸೋತು ಕೂತೆ. ಮುರಿಗೆಪ್ಪನವರು ಸೋಲಲಿಲ್ಲ.

"ಮೇಡಂ, ನಾವು ನಗು ನೋಡಿ ಒತ್ತಾಕತ್ತೀವಿ, ಅದೇ ತಪ್ಪು. ಮೊದ್ಲು ಒತ್ತಬೇಕು, ಆಮ್ಯಾಲೆ ನಗು ತರ್ಸಬೇಕು" ಎಂದರು.

ಅಲ್ಲಿಂದ ಅವರ ಕೆಲಸದ ರೀತಿಯೇ ಬೇರೆಯಾಯಿತು. ಗಿರಾಕಿಯನ್ನು ಕೂರಿಸಿ, ಎರಡು ದೊಡ್ಡ ದೀಪ ಹಚ್ಚಿ, ತಾವು ಬಂದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಮೇಜಿನ ಮುಂದೊಂದು ಬಟ್ಟೆಯ ಪರದೆ ಕಟ್ಟಿದ್ದರಿಂದ ಕೈ ಯಾರಿಗೂ ಕಾಣುತ್ತಿರಲಿಲ್ಲ. ಎಂಟರ್ ಮೇಲೆ ಅಂಗೈ ಬಿಟ್ಟು, ಆಮೇಲೆ ನಿಧಾನವಾಗಿ ಕೇಳುತ್ತಿದ್ದರು: "ಇವತ್ತು ಮನ್ಯಾಗೆ ಏನ್ ಸಾರ್ರಿ?" ಗಂಡಿನ ಮನೆಗೆ ಕಳಿಸುವ ಫೋಟೋಕ್ಕೆಂದು ಬೆವೆತು ಕೂತ ಹುಡುಗಿಯಿರಲಿ, ಪಾಸ್‌ಪೋರ್ಟಿಗೆ ಬಂದ ವ್ಯಾಪಾರಿಯಿರಲಿ, ಸಾರಿನ ಪ್ರಶ್ನೆಗೆ ಎಲ್ಲರ ಮುಖವೂ ಸಡಿಲವಾಗುತ್ತಿತ್ತು. ಸರಿಯಾಗಿ ನಾಲ್ಕನೇ ಸೆಕೆಂಡಿಗೆ ಕ್ಲಿಕ್. ಮನುಷ್ಯನ ಮುಖ ಯಾವ ಮಾತಿಗೆ ಎಷ್ಟು ಹೊತ್ತಿಗೆ ಅರಳುತ್ತದೆ ಎಂಬ ಲೆಕ್ಕ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಮುರಿಗೆಪ್ಪನ ಹತ್ತಿರ ಫೋಟೋ ತೆಗೆದದ್ದೇ ಗೊತ್ತಾಗುವುದಿಲ್ಲ ಎಂಬ ಮಾತು ಎಂ.ಸಿ.ಸಿ. ಬಡಾವಣೆಯವರೆಗೂ ಹಬ್ಬಿತು. ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಗುಟ್ಟು ಗುಟ್ಟಾಗಿಯೇ ಉಳಿಯಿತು.

ಆಗ ಹರಿಹರದಿಂದ ಹನುಮಂತಪ್ಪ ಬಂದರು. ಅಲ್ಲಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾಗುತ್ತಿದ್ದವರು. ಅವರ ಮದುವೆಯ ಫೋಟೋ ತೆಗೆದದ್ದೂ ಮುರಿಗೆಪ್ಪನವರೇ. ಸೊಂಟ ಮುರಿದುಕೊಂಡು ಮಂಚ ಹಿಡಿದ ತಾಯಿಯ ಜೊತೆಗೆ ಮನೆಮಂದಿಯದೆಲ್ಲ ಒಂದು ಫೋಟೋ ಬೇಕು, ನೀವೇ ಬರಬೇಕು ಎಂದು ಕೂತುಬಿಟ್ಟರು. ಬೇಡವೆನ್ನಲು ಮುರಿಗೆಪ್ಪನವರಿಗೆ ಬಾಯಿ ಬರಲಿಲ್ಲ. "ಅಷ್ಟು ಜನದ ಮುಂದೆ ಹೆಚ್ಚುಕಡಿಮೆ ಆದ್ರೆ ಅಂಗಡಿಗೆ ಬೀಗಾನೇ" ಎಂದು ಅವರ ಹೆಂಡತಿ ಪಾರ್ವತಮ್ಮ ಬೇಡಿಕೊಂಡರೂ, ನಾವು ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು ಹೊರಟೆವು. ಹರಿಹರ ಮುಟ್ಟುವವರೆಗೆ ಮಾನಿಟರ್ ನನ್ನ ತೊಡೆಯ ಮೇಲಿತ್ತು. ಪ್ರತಿ ಗುಂಡಿಗೂ ನಾನು ದೇವರನ್ನು ಕರೆದೆ.

ಎಲ್ಲವನ್ನೂ ಜೋಡಿಸಿ, ಮಂಚದ ಸುತ್ತ ಹದಿನಾಲ್ಕು ಜನರನ್ನು ನಿಲ್ಲಿಸಿ, ಇನ್ನೇನು ಒತ್ತಬೇಕು, ಕರೆಂಟ್ ಹೋಯಿತು. ಅದು ಬರುವುದು ಸಂಜೆಗೇ ಎಂದರು. ಅಜ್ಜಿ ಅಷ್ಟು ಹೊತ್ತು ದಿಂಬಿಗೆ ಒರಗಿ ಕೂರುವ ಹಾಗಿರಲಿಲ್ಲ, ಆಗಲೇ ನೋವಿಗೆ ಹಲ್ಲು ಕಚ್ಚಿದ್ದರು.

"ಕ್ಯಾಮೆರಾದಾಗೆ ಸೆಲ್ ಐತಲ್ರಿ, ಕೈಲೇ ಹೊಡೀರಿ ಮುರಿಗೆಪ್ಪಾರೆ, ನಿಮ್ಗೇನ್ ಹೊಸದಾ?" ಎಂದರು ಹನುಮಂತಪ್ಪ.

ನಾನು ತೆಗೆಯುತ್ತೇನೆಂದು ಮುಂದೆ ಹೋದೆ. ಮುರಿಗೆಪ್ಪನವರು ನನ್ನನ್ನು ತಡೆದರು. "ಅವ್ರು ಕರೆದಿದ್ದು ನನ್ನ" ಎಂದು ಹೇಳಿ, ವೈರು ಕಳಚಿ, ಎರಡೂ ಕೈಯಿಂದ ಕ್ಯಾಮೆರಾ ಎತ್ತಿಕೊಂಡರು. ಕೈಗಳು ಕುಣಿಯತೊಡಗಿದವು. ಹದಿನಾಲ್ಕು ಜನ ಆ ಕೈಗಳನ್ನೇ ನೋಡಿದರು. ನನಗೆ ಎಲ್ಲಾದರೂ ಓಡಿಹೋಗೋಣ ಅನ್ನಿಸಿತು.

ಮೊದಲು ಮಾತಾಡಿದ್ದು ಮಂಚದ ಮೇಲಿನ ಅಜ್ಜಿ. "ಯಾಕಪ್ಪ, ಇಷ್ಟಕ್ಕೆ ಮುಖ ಸಣ್ಣದು ಮಾಡ್ಕೊಂತೀ? ನನ್ನ ಕೈ ನೋಡು, ನಿನ್ನಕ್ಕಿಂತ ಜೋರು ನಡುಗ್ತೈತೆ."

ಹನುಮಂತಪ್ಪ ಒಳಗೆ ಹೋದರು. ಮೂವತ್ತು ವರ್ಷ ಅದುರುವ ಯಂತ್ರಗಳನ್ನು ಹದಕ್ಕೆ ತಂದ ಮನುಷ್ಯ. ಒಳಗಿನಿಂದ ಅರ್ಧ ತುಂಬಿದ ಅಕ್ಕಿ ಚೀಲ ಹೊತ್ತು ತಂದು ಸ್ಟೂಲಿನ ಮೇಲಿಟ್ಟು ಗುದ್ದಿ ತಗ್ಗು ಮಾಡಿದರು. "ಇದ್ರಾಗೆ ಒತ್ತಿ ಕೂಡ್ರಿಸ್ರಿ. ಸ್ಟ್ಯಾಂಡ್ ಆದ್ರೆ ಕೈ ಜೊತೆ ತಾನೂ ಅದುರ್ತೈತೆ, ಅಕ್ಕಿ ಅದುರು ಕುಡೀತೈತೆ" ಎಂದರು. ಕ್ಯಾಮೆರಾ ಅಕ್ಕಿಯಲ್ಲಿ ಹುದುಗಿ ಕೂತಿತು. ಮುರಿಗೆಪ್ಪನವರು ಮೊಣಕಾಲೂರಿ, ತಮ್ಮ ಎರಡೂ ಕೈಗಳನ್ನು ಅದರ ಮೇಲಿಟ್ಟು ಫೋಟೋ ತೆಗೆದರು. ಅಜ್ಜಿಯ ಮುಖದ ಒಂದೊಂದು ಸುಕ್ಕೂ ಅದರಲ್ಲಿ ಸ್ಪಷ್ಟವಾಗಿ ಬಂದಿತ್ತು.

ವಾರದೊಳಗೆ ಸುದ್ದಿ ದಾವಣಗೆರೆಗೆ ಬಂತು. ಏನಾದರೊಂದು ನೆಪ ಹೇಳಿ ಕಳಿಸಿದರೂ ಮತ್ತೆ ಬರುತ್ತಿದ್ದ ಮದುವೆ ಮನೆಯವರು ಈಗ ಕರೆಯುವುದನ್ನೇ ಬಿಟ್ಟರು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಸ್ಟುಡಿಯೋಕ್ಕೆ ಬರುವವರು ಬರುತ್ತಲೇ ಇದ್ದರು. ಮುರಿಗೆಪ್ಪನವರು ಮೇಜಿನ ಮುಂದಿನ ಪರದೆಯನ್ನು ಬಿಚ್ಚಿಹಾಕಿದರು. ಒಂದು ಸಂಜೆ ನೋಡುತ್ತೇನೆ, ಅಂಗಡಿಯವರ ನಡುವೆ ಕೂತು ಮಂಡಕ್ಕಿ ತಿನ್ನುತ್ತಿದ್ದಾರೆ. ಬಾಯಿಗೆ ಅರ್ಧ, ಅಂಗಿಯ ಮೇಲೆ ಅರ್ಧ.

ನನಗೆ ಮದುವೆಯಾಗಿ ಶಿವಮೊಗ್ಗಕ್ಕೆ ಹೊರಡುವ ಮುಂಚೆ ಹೇಳಿಹೋಗಲೆಂದು ಸ್ಟುಡಿಯೋಕ್ಕೆ ಹೋದೆ. ಅಷ್ಟರಲ್ಲಿ ರೋಗ ಅವರ ಮುಖಕ್ಕೂ ಏರಿತ್ತು. ಧ್ವನಿ ಸಣ್ಣಗಾಗಿ, ಮುಖದ ಸ್ನಾಯುಗಳು ಬಿಗಿದು, ಎಲ್ಲರ ಮುಖ ಅರಳಿಸಿದವರ ಮುಖ ಮರದ ಹಾಗೆ ಆಗಿತ್ತು. "ನಂದೂ ಒಂದು ತೆಗೀರಿ ಮೇಡಂ" ಎಂದು ತಾವೇ ಹೋಗಿ ಗಿರಾಕಿಗಳ ಕುರ್ಚಿಯಲ್ಲಿ ಕೂತರು. ನಾನು ಕಂಪ್ಯೂಟರಿನ ಮುಂದೆ ಕೂತೆ. ಏನೇನೋ ತಮಾಷೆ ಮಾಡಿದೆ. ಅವರ ಮುಖ ಕದಲಲಿಲ್ಲ.

"ನಗು ಒಳಗೆ ಐತ್ರಿ. ಹೊರಗೆ ಬರಕ್ಕೆ ದಾರಿ ಸಿಗ್ವಲ್ದು" ಎಂದರು.

ಫೋಟೋ ಇಳಿದುಬಂತು. ಮುಖ ಸ್ಪಷ್ಟವಾಗಿತ್ತು, ಅದರಲ್ಲಿ ಏನೂ ಇರಲಿಲ್ಲ. ತೊಡೆಯ ಮೇಲಿನ ಕೈಗಳು ಮಾತ್ರ ಅದುರಿ ಮಸುಕಾಗಿದ್ದವು. ಅಳಿಸಿ ಇನ್ನೊಂದು ತೆಗೆಯುತ್ತೇನೆಂದು ಹೊರಟೆ. ಅವರು ಎದ್ದು ಬಂದು ಪರದೆಯನ್ನು ನೋಡಿ, "ಬ್ಯಾಡ, ಇರ್ಲಿ. ಕೈಯಾದ್ರೂ ನಗ್ತಾ ಅದಾವೆ" ಎಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಅವರು ಹೋದ ಸುದ್ದಿ ತಿಳಿದು ಮನೆಗೆ ಹೋದಾಗ ಗೋಡೆಯ ಮೇಲೆ ಅದೇ ಫೋಟೋ ಇತ್ತು, ಮೊಣಕಾಲಿನವರೆಗೂ, ಆ ಮಸುಕು ಕೈಗಳ ಸಮೇತ. ನಾನು ಅದನ್ನೇ ನೋಡುತ್ತ ನಿಂತದ್ದು ಕಂಡು ಪಾರ್ವತಮ್ಮ ಪಕ್ಕಕ್ಕೆ ಬಂದರು.

"ಫೋಟೋಕ್ಕೆ ಕಟ್ಟು ಹಾಕೋರು ಮುಖ ಅಷ್ಟೇ ಸಾಕು, ಕೈ ಮಸುಕು ಬಂದೈತೆ, ಕತ್ತರಿಸ್ತೀವಿ ಅಂದ್ರಮ್ಮ. ನಾನೇ ಬ್ಯಾಡ ಅಂದೆ" ಎಂದು ಸೆರಗಿನ ತುದಿಯಿಂದ ಗಾಜು ಒರೆಸಿದರು. "ಯಾರ್ಗೂ ತೋರಿಸ್ಬ್ಯಾಡ್ರಿ, ಜೇಬ್ನಾಗೆ ಇಟ್ಕೊಳ್ರಿ ಅಂತ ದಿನಾ ಗಂಟು ಬೀಳ್ತಿದ್ದಾಕಿ ನಾನೇ ಅಲ್ಲೇನು? ಇನ್ನಾದ್ರೂ ಹೊರಗಿರ್ಲಿ."