ನಮ್ಮ ಹಿತ್ತಲ ಕಸಕ್ಕೆ ಮೊದಲ ನಂಬರು

ಏಳನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಹಾರೆ ಹಿಡಿಯಲು ಓದು ಬೇಕಿಲ್ಲ. ಯಾರೋ ಸುರಿದು ಬಿಟ್ಟುಹೋದ ಹಳೆಯ ಕಸದ ಗುಡ್ಡೆಗಳನ್ನು ಹುಡುಕುವ ಸರಕಾರಿ ತಂಡವೊಂದು ಬಂದಿತ್ತು. ಅಗೆಯಲು ನನ್ನನ್ನು ಕರೆದುಕೊಂಡರು. ಜಮಖಂಡಿ, ಮುಧೋಳ, ಬೀಳಗಿ ಮುಗಿಸಿದೆವು. ನಾನು ಅಗೆದ ಮೇಲೆ ತಂಡದ ಮುಖ್ಯಸ್ಥೆ ಮೇಡಂ ಆ ಗುಡ್ಡೆಗೆ ಅಂಕ ಹಾಕುತ್ತಿದ್ದರು. ಬಾವಿ ಹತ್ತಿರವಿದ್ದರೆ ಹೆಚ್ಚು, ಮನೆ ಹತ್ತಿರವಿದ್ದರೆ ಇನ್ನೂ ಹೆಚ್ಚು, ಮೇಲೆ ಮಣ್ಣು ಮುಚ್ಚಿದ್ದರೆ ಕಡಿಮೆ. ಹೆಚ್ಚು ಅಂಕ ಬಂದದ್ದು ಹೆಚ್ಚು ಅಪಾಯದ್ದು. ಅದನ್ನೇ ಮೊದಲು ಎತ್ತುತ್ತಾರೆ ಎಂದುಕೊಂಡೆ.

ಕೊನೆಗೆ ಬನಹಟ್ಟಿ, ನಮ್ಮದೇ ಓಣಿ. ನಮ್ಮ ಹಿತ್ತಲಿಗೆ ಅಂಟಿಕೊಂಡೇ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಕಸ ಬಿದ್ದಿದೆ. ಕಾರ್ಖಾನೆ ಮುಚ್ಚಿತು, ಕಸ ಉಳಿಯಿತು. ಮಳೆಯಾದರೆ ಬಾವಿಯ ನೀರು ನೇರಳೆ. ತಿಳಿಯಾಗುವವರೆಗೆ ಕಾದು ಅದನ್ನೇ ಕುಡಿಯುತ್ತಿದ್ದೆವು. ಮನೆ ಮಾರೋಣವೆಂದರೆ ಕೊಳ್ಳುವವರಿಲ್ಲ. ಕಸ ಹೋಗಬೇಕು, ಇಲ್ಲವೇ ನಾವು ಅಲ್ಲೇ ಇರಬೇಕು.

ಹೋಗಿ ನೋಡಿದರೆ ಕಸವೇ ಕಾಣಲಿಲ್ಲ. ಸಾಹೇಬರು ಬರುತ್ತಾರೆಂದು ಓಣಿಯವರು ಬೀಗರು ಬರುವಾಗ ಮಾಡುವಂತೆ ಎಲ್ಲ ಸಾಫ್ ಮಾಡಿದ್ದರು. ಟ್ರ್ಯಾಕ್ಟರಿನಲ್ಲಿ ಕೆಂಪು ಮಣ್ಣು ತಂದು ಹರವಿ, ನೀರು ಹೊಡೆದು, ಅಂಚಿಗೆ ರಂಗೋಲಿ ಹಾಕಿದ್ದರು.

"ಇಲ್ಲೇನೂ ಅಪಾಯ ಕಾಣಿಸ್ತಿಲ್ವಲ್ಲ" ಎಂದರು ಮೇಡಂ.

ಹಾರೆ ಎತ್ತಿದೆ. ಪಕ್ಕದ ಮನೆಯ ನೇಕಾರ ಕಾಕಾ ಕೈ ಹಿಡಿದ.

"ಲೇ, ಮಂದಿ ಮುಂದ ಓಣಿ ಹೊಲಸ ತಗೀತಿಯೇನ? ಮಾನ ಐತೇನಲೇ ನಿನಗ?"

"ಕುಡ್ಯಾಕ ನೀರ ಐತೇನ ಕಾಕಾ?"

ಕೈ ಕೊಸರಿಕೊಂಡು ಅಗೆದೆ. ಕಪ್ಪು ರಾಡಿ ಬಂತು, ತುಕ್ಕು ಹಿಡಿದ ಬಣ್ಣದ ಡಬ್ಬಿ ಬಂತು, ಮೂಗು ಸುಡುವ ವಾಸನೆ ಬಂತು. ಮೇಡಂ ವೇಲಿನಿಂದ ಮೂಗು ಮುಚ್ಚಿಕೊಂಡರು. ಎಲ್ಲ ಊರುಗಳಲ್ಲಿ ನಮ್ಮ ಕಸಕ್ಕೇ ಮೊದಲ ನಂಬರು ಸಿಕ್ಕಿತು.

ಆಮೇಲೆ ಬಂದದ್ದು ಲಾರಿಯಲ್ಲ, ಮುಳ್ಳುತಂತಿ. ಸುತ್ತ ಬೇಲಿ ಹಾಕಿದರು, ಅಪಾಯ ಎಂದು ಬೋರ್ಡು ನಿಲ್ಲಿಸಿದರು, ಬಾವಿಗೆ ಚಪ್ಪಡಿ ಮುಚ್ಚಿದರು.

"ಎತ್ತೂದು ಯಾವಾಗ್ರಿ?" ಎಂದು ಬೇಲಿ ಕಟ್ಟುವವನನ್ನು ಕೇಳಿದೆ.

"ನಂಗ ತಂತಿ ಕಟ್ಟ ಅಂದಾರ, ಕಟ್ಟಾಕತ್ತೇನಿ."

ಒಂದು ಕಂಬ ನಮ್ಮ ಹಿತ್ತಲ ಬಾಗಿಲಿನ ಎದುರಿಗೇ ಬಂತು. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಈಗ ಕೈ ತೂರುವಷ್ಟು ಮಾತ್ರ ತೆರೆಯುತ್ತದೆ, ವಾಸನೆ ಬರಲು ಅಷ್ಟು ಸಾಕು.

ಅವ್ವ ಕೊಡ ಹಿಡಿದು ದೂರದ ನಳಕ್ಕೆ ಹೊರಟಳು.

"ಸಾಲ್ಯಾಗಂತೂ ಫಸ್ಟ್ ಬರ್ಲಿಲ್ಲ, ಕಸದಾಗರ ಬಂದಿ ನೋಡಪಾ" ಎಂದು ಇನ್ನೊಂದು ಕೊಡ ನನ್ನ ಕೈಗೆ ಕೊಟ್ಟಳು.